ಟ್ಯೂಬ್ ಆಂಪ್‌ನ್ಯಾಗ ಗೇನ್ ಬಾಳ ಆಗೈತಿ: ವಾಲ್ಯೂಮ್ ತಿರುವೋದಾ, ಪೆಡಲ್ ಇಡೋದಾ, ಟ್ಯೂಬ್ ಬದಲ್ಸೋದಾ, ಆಂಪ್ ಬಿಚ್ಚೋದಾ?

ಟ್ಯೂಬ್ ಆಂಪ್ ಅಂದ್ರ ಒಳಗ ಗಾಜಿನ ಟ್ಯೂಬ್ (ವಾಲ್ವ್) ಇರೋ ಗಿಟಾರ್ ಆಂಪ್ಲಿಫೈಯರ್. ಗಂಗಾವತಿಯಿಂದ ತಮ್ಮೊಬ್ಬ ಫೋನ್ ಮಾಡಿದ್ದ. "ಅಣ್ಣಾ, ಸೆಕೆಂಡ್ ಹ್ಯಾಂಡ್‌ನ್ಯಾಗ ನೂರು ವ್ಯಾಟ್ ಹೆಡ್ (ಸ್ಪೀಕರ್ ಇಲ್ಲದ ಆಂಪ್) ತಗೊಂಡೀನಿ, ಗೇನ್ ನಾಬ್ ಎರಡಕ್ಕ ಇಟ್ರೂ ಗರ್ ಅಂತೈತಿ, ನನಗ ಬೇಕಾಗಿದ್ದು ಬರೀ ಕ್ರಂಚ್ (ತುಸು ಒಡಕು ಸದ್ದು), ಟ್ಯೂಬ್ ಬದಲ್ಸ್ಲೋ ಪೆಡಲ್ ತಗೊಳ್ಳೋ ಹೇಳು." ಅದೇ ವಾರ ರಾಯಚೂರಿನ ಚರ್ಚ್‌ನ್ಯಾಗ ಗಿಟಾರ್ ನುಡಿಸೋ ಅಕ್ಕ ಒಬ್ಬರು ಕೇಳಿದ್ರು, ಹಾಡೋರ ಕೆಳಗ ಮೆಲ್ಲಕ ಕಾರ್ಡ್ (ಒಟ್ಟಿಗೆ ನುಡಿಸೋ ಹಲವು ಸ್ವರ) ಹಿಡಿಬೇಕು ಅಂದ್ರ ಆಂಪ್ ಕೇಳ್ತಾನೇ ಇಲ್ಲ ಅಂತ. ತೋರಣಗಲ್‌ನ್ಯಾಗ ಕ್ವಾರ್ಟರ್ಸ್‌ನ್ಯಾಗ ಇರೋ ಗೆಳೆಯಂದು ಇನ್ನೊಂದು ತರ, ರಾತ್ರಿ ಶಿಫ್ಟ್ ಮುಗಿಸಿ ಬಂದು ನುಡಿಸ್ಬೇಕು ಅಂದ್ರ ಪಕ್ಕದ ಮನಿಯವರು ಬಾಗಿಲಿಗೆ ಬರ್ತಾರ. ಮೂವರೂ ಹೇಳೋದು "ಗೇನ್ ಜಾಸ್ತಿ" ಅಂತನ. ಆದ್ರ ಮೂವರ ತೊಂದ್ರೆ ಒಂದೇ ಅಲ್ಲ, ಅದಕ್ಕ ಔಷಧನೂ ಒಂದೇ ಅಲ್ಲ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳೋದಕ್ಕಿಂತ ಎಲ್ಲಾ ಒಂದು ಕಡೆ ಬರದು ಇಡ್ತೀನಿ, ಯಾಕಂದ್ರ ಸುಮ್ನ ರೊಕ್ಕ ಕಳಕೊಂಡವರನ್ನ ನಾನು ಬಾಳ ನೋಡೀನಿ.

ಮದ್ಲ ನಿಮ್ಮ ತೊಂದ್ರೆ ಯಾವುದು ಅಂತ ಗುರ್ತು ಹಿಡಿರಿ. ಗೇನ್ ಬ್ಯಾರೆ, ಸಪ್ಪಳ ಬ್ಯಾರೆ. ಗೇನ್ ಅಂದ್ರ ಪ್ರೀಆಂಪ್ (ಆಂಪ್‌ನ ಮೊದಲನೇ ಭಾಗ) ಒಳಗ ಸಿಗ್ನಲ್ ಎಷ್ಟು ದೊಡ್ಡದಾಗಿ ಎಷ್ಟು ಒಡಕಾಗ್ತೈತಿ ಅನ್ನೋದು, ಸಪ್ಪಳ ಅಂದ್ರ ಸ್ಪೀಕರ್‌ನಿಂದ ಎಷ್ಟು ಜೋರಾಗಿ ಹೊರಗ ಬರ್ತೈತಿ ಅನ್ನೋದು. ಮಾಸ್ಟರ್ ವಾಲ್ಯೂಮ್ (ಆಂಪ್‌ನ ಒಟ್ಟು ಸಪ್ಪಳದ ನಾಬ್) ಒಂದಕ್ಕ ಇಟ್ಟು ಮೆಲ್ಲಕ ನುಡಿಸಿದಾಗೂ ಕಾರ್ಡ್ ಕಲಸಿ ಮುದ್ದೆ ಆಗ್ತೈತಿ ಅಂದ್ರ ಅದು ಗೇನ್ ತೊಂದ್ರೆ. ಟೋನ್ ಚಂದ ಐತಿ ಆದ್ರ ಕಿಟಕಿ ಗಾಜು ನಡುಗ್ತಾವ ಅಂದ್ರ ಅದು ಸಪ್ಪಳದ ತೊಂದ್ರೆ. ಮೂರನೇದು ಒಂದು ಐತಿ, ಅದನ್ನ ಮಂದಿ ಗಮನಿಸೋದೇ ಇಲ್ಲ: ಸಣ್ಣ ತಂತಿ ಚಂದ ಕೇಳ್ತಾವ, ದಪ್ಪ ತಂತಿ ಮುಟ್ಟಿದ ಕೂಡ್ಲೇ ಎಲ್ಲಾ ಬುರುಬುರು ಅಂತೈತಿ. ಅದು ಗೇನ್ ಜಾಸ್ತಿ ಆಗಿದ್ದಲ್ಲ, ಗೇನ್ ಹತ್ರ ಹೋಗೋ ಬೇಸ್ ಜಾಸ್ತಿ ಆಗಿದ್ದು. ನಾಕನೇದು ನುಡಿಸದೇ ಇದ್ದಾಗ ಬರೋ ಸುಸ್ಸು ಮತ್ತ ಹಮ್.

ಅಳತೆಗೋಲು ಏನು ಅಂದ್ರ, ನಾನು ಯಾವ ದಾರಿ ನೋಡಿದ್ರೂ ಇಷ್ಟು ಕೇಳ್ತೀನಿ. ಇದು ನಿಜಕ್ಕೂ ಗೇನ್ ಇಳಿಸ್ತೈತೋ ಅಥವಾ ಬರೀ ಸಪ್ಪಳ ಇಳಿಸ್ತೈತೋ. ಟೋನ್ ಮಂಕಾಗ್ತೈತಾ. ಸುಸ್ಸು ಕಮ್ಮಿ ಆಗ್ತೈತಾ, ಹಂಗೇ ಉಳಿತೈತಾ. ಹಾಡಿನ ನಡುವ ಮತ್ತ ಪೂರ್ತಿ ಗೇನ್ ಬೇಕಂದ್ರ ಕೊಡ್ತೈತಾ. ವಾಪಸ್ ಮೊದಲಿನಂಗ ಮಾಡಬಹುದಾ. ರೊಕ್ಕ ಎಷ್ಟು. ಕಡಿಗೆ, ಜೀವಕ್ಕ ಅಪಾಯ ಐತಾ. ಈ ಕಡಿದನ್ನ ಕೆಳಗ ಸ್ವಲ್ಪ ಉದ್ದ ಬರದೀನಿ, ದಯವಿಟ್ಟು ಬಿಟ್ಟು ಓದಬ್ಯಾಡ್ರಿ.

ನಮ್ಮ ಕಡಿ ಮಂದಿಗೆ ಇದು ಕಾಲುವಿ ಲೆಕ್ಕದಾಗ ಬೇಗ ತಿಳಿತೈತಿ. ಮೇನ್ ಕಾಲುವಿ ತೂಬಿನ ಹತ್ರ ನೀರು ಕಮ್ಮಿ ಮಾಡಿದ್ರ ಕೆಳಗ ಎಲ್ಲಾ ಕಡಿ ಕಮ್ಮಿ, ಹೊಲದ ಮಡಿ ಹತ್ರ ಮಣ್ಣು ಒಡ್ಡಿದ್ರ ಮ್ಯಾಲಿನ ಕಾಲುವಿ ತುಂಬೇ ಹರಿತಿರ್ತೈತಿ. ಹೈ ಗೇನ್ ಆಂಪ್‌ನ್ಯಾಗ ಒಂದರ ಹಿಂದ ಒಂದು ಮೂರೋ ನಾಕೋ ಸ್ಟೇಜ್ (ಸಿಗ್ನಲ್ ದೊಡ್ಡದು ಮಾಡೋ ಹಂತ) ಇರ್ತಾವ, ಒಂದೊಂದು ಸ್ಟೇಜ್ ಸುಮಾರು ಐವತ್ತು ಅರವತ್ತು ಪಟ್ಟು ದೊಡ್ಡದು ಮಾಡ್ತೈತಿ, ನಡುವ ರೆಸಿಸ್ಟರ್ ಹಾಕಿ ಸ್ವಲ್ಪ ಸ್ವಲ್ಪ ಕಮ್ಮಿ ಮಾಡಿರ್ತಾರ, ಆದ್ರೂ ಒಟ್ಟು ಲೆಕ್ಕ ಸಾವಿರಗಟ್ಲೆ ಪಟ್ಟು. ಹಂಗಾಗಿ ಎಲ್ಲಿ ಕಡಿತೀರಿ ಅನ್ನೋದರ ಮ್ಯಾಲೆ ಟೋನೂ ಸುಸ್ಸೂ ನಿಂತೈತಿ. ಮಾಸ್ಟರ್ ವಾಲ್ಯೂಮ್ ಇಳಿಸೋದು ಮಡಿ ಹತ್ರ ಮಣ್ಣು ಒಡ್ಡಿದಂಗ, ಪ್ರೀಆಂಪ್ ಒಳಗ ಹರಿಯೋದು ಹರಿದೇ ಹರಿತೈತಿ.

ಗಿಟಾರ್ ಮ್ಯಾಲಿನ ವಾಲ್ಯೂಮ್ ನಾಬ್. ಇದು ಪುಕ್ಕಟೆ, ಇದನ್ನೇ ಮದ್ಲ ನೋಡ್ರಿ. ಗಂಗಾವತಿ ತಮ್ಮ ಆ ಹೆಡ್ ಹೊತ್ಕೊಂಡು ಬಳ್ಳಾರಿಗೆ ಬಂದಿದ್ದ, ನಮ್ಮ ಕೌಲ್ ಬಜಾರ್ ರೂಮಿನ್ಯಾಗ ಹಚ್ಚಿದ್ವಿ. ಗಿಟಾರ್ ವಾಲ್ಯೂಮ್ ಹತ್ತಕ್ಕ ಇಟ್ಟು ಓಪನ್ ಜಿ ಕಾರ್ಡ್ ಹೊಡದ, ಆರು ತಂತಿ ಇದ್ದಿದ್ದು ಒಂದೇ ತಂತಿ ಅನ್ನಂಗ ಬಂತು. ನಾನು ಕೈ ಚಾಚಿ ಅವನ ನಾಬ್ ಮೆಲ್ಲಕ ತಿರುವಿದೆ, ಎಂಟು, ಏಳು, ಆರಕ್ಕ ಬರೋ ಹೊತ್ತಿಗೆ ನಡುವಿನ ತಂತಿ ಬಿಡಿಯಾಗಿ ಕೇಳಾಕ ಶುರು ಆದ್ವು, ನಾಕಕ್ಕ ಬಂದಾಗ ಕ್ರಂಚ್. ಅವ ಎರಡು ವರ್ಷದಿಂದ ಗಿಟಾರ್ ನುಡಿಸ್ತಾನ, ಆ ನಾಬ್ ಯಾವತ್ತೂ ಹತ್ತರಿಂದ ಇಳಿಸಿರ್ಲಿಲ್ಲ. ಹಾಡಿನ ನಡುವ ಬೆರಳಿನ ತುದಿಯಿಂದ ಗೇನ್ ಏರಿಸಿ ಇಳಿಸೋ ಸವಲತ್ತು ಬ್ಯಾರೆ ಯಾವ ದಾರಿಯಾಗೂ ಇಷ್ಟು ಸಲೀಸಿಲ್ಲ.

ಆದ್ರ ಎರಡು ಕೊರತಿ ಅದಾವ. ಒಂದು, ನಾಬ್ ಇಳಿಸಿದಂಗ ಟೋನ್ ಮಂಕಾಗ್ತೈತಿ, ಯಾಕಂದ್ರ ಆ ಪಾಟ್‌ನ (ನಾಬ್ ಕೆಳಗಿನ ಭಾಗದ) ರೆಸಿಸ್ಟೆನ್ಸ್ ಕೇಬಲ್ಲಿನ ಕೆಪಾಸಿಟೆನ್ಸ್ ಜೊತಿ ಸೇರಿ ಟ್ರೆಬಲ್ (ಚೂಪು ಸದ್ದು) ನುಂಗ್ತೈತಿ. ಕೇಬಲ್ ಉದ್ದ ಇದ್ದಷ್ಟೂ ಜಾಸ್ತಿ ನುಂಗ್ತೈತಿ, ಅದಕ್ಕ ಮನಿಯಾಗ ನುಡಿಸೋರು ಹತ್ತು ಮೀಟರ್ ಕೇಬಲ್ ಯಾಕ ಬೇಕು, ಮೂರು ಮೀಟರ್ ಸಾಕು. ಇದಕ್ಕ ಟ್ರೆಬಲ್ ಬ್ಲೀಡ್ ಅಂತ ಒಂದು ಸಣ್ಣ ಕೆಲಸ ಐತಿ: ವಾಲ್ಯೂಮ್ ಪಾಟ್‌ನ ಒಳಗ ಬರೋ ಕಾಲಿಗೂ ನಡುವಿನ ಕಾಲಿಗೂ ನಡುವ ಒಂದು ನ್ಯಾನೋಫ್ಯಾರಡ್ ಕೆಪಾಸಿಟರ್, ಅದರ ಜೊತಿ ಪ್ಯಾರಲಲ್‌ನ್ಯಾಗ 150 ಕಿಲೋ ಓಮ್ ರೆಸಿಸ್ಟರ್. ಎರಡೂ ಸೇರಿ ಒಂದು ಚಹಾದ ರೊಕ್ಕ. ಗಿಟಾರ್ ಒಳಗ ಕರೆಂಟ್ ಇರೋದಿಲ್ಲ, ಮೊಬೈಲ್ ರಿಪೇರಿ ಅಂಗಡಿ ಹುಡುಗನೂ ಹತ್ತು ನಿಮಿಷದಾಗ ಹಚ್ಚಿಕೊಡ್ತಾನ. ಆಕ್ಟಿವ್ ಪಿಕಪ್ (ತಂತಿ ಸದ್ದು ಹಿಡಿಯೋ, ಬ್ಯಾಟರಿ ಮ್ಯಾಲೆ ನಡಿಯೋ ಭಾಗ) ಇದ್ದವರಿಗೆ ಇದರ ಗೊಡವಿ ಇಲ್ಲ, ಅವುಗಳ ಪಾಟ್ 25 ಕಿಲೋ ಓಮ್ ಇರೋದರಿಂದ ಇಳಿಸಿದ್ರೂ ಟ್ರೆಬಲ್ ಅಷ್ಟಾಗಿ ಹೋಗೋದಿಲ್ಲ.

ಎರಡನೇ ಕೊರತಿ ಸುಸ್ಸು. ಗಿಟಾರ್ ಹತ್ರ ಸಿಗ್ನಲ್ ಕಮ್ಮಿ ಮಾಡ್ತೀರಿ, ಆದ್ರ ಆಂಪ್‌ನ ಮೊದಲನೇ ಟ್ಯೂಬ್ ತಾನಾಗೇ ಹುಟ್ಟಿಸೋ ಸುಸ್ಸನ್ನ ಆಮ್ಯಾಲಿನ ಸ್ಟೇಜ್‌ಗಳು ಮೊದಲಿನಷ್ಟೇ ದೊಡ್ಡದು ಮಾಡ್ತಾವ. ಅಂದ್ರ ಗಿಟಾರ್ ಸಣ್ಣದಾತು, ಸುಸ್ಸು ಅಷ್ಟೇ ಉಳೀತು. ವೇದಿಕಿ ಮ್ಯಾಲೆ ಡ್ರಮ್ಸ್ ನಡುವ ಯಾರಿಗೂ ಗೊತ್ತಾಗೋದಿಲ್ಲ. ಚರ್ಚ್‌ನ್ಯಾಗ ಪ್ರಾರ್ಥನೆ ನಡುವ ಎಲ್ಲರೂ ಸುಮ್ನಿದ್ದಾಗ ಅದೊಂದೇ ಕೇಳ್ತೈತಿ, ರಾಯಚೂರಿನ ಅಕ್ಕ ಹೇಳಿದ ಬ್ಯಾಸರ ಅದೇ.

ಪಿಕಪ್ ಎತ್ತರ ಇಳಿಸೋದೂ ಪುಕ್ಕಟೆ ದಾರಿನ. ಸ್ಕ್ರೂಡ್ರೈವರ್ ತಗೊಂಡು ಬ್ರಿಡ್ಜ್ ಪಿಕಪ್ ಒಂದೊಂದು ಅರ್ಧ ಸುತ್ತು ಕೆಳಗ ಇಳಿಸಿ ನುಡಿಸಿ ನೋಡ್ರಿ, ಒಂದೆರಡು ಮಿಲಿಮೀಟರ್‌ನ್ಯಾಗ ಗೊತ್ತಾಗ್ತೈತಿ. ಟೋನ್ ಸ್ವಲ್ಪ ಬಿಚ್ಚಿಕೊಳ್ತೈತಿ, ಮಂಕಾಗೋದಿಲ್ಲ, ಅದಕ್ಕ ನನಗ ಇದು ಬಾಳ ಇಷ್ಟ. ದೊಡ್ಡ ಇಳಿಕಿ ಮಾತ್ರ ಇದರಿಂದ ಸಿಗೋದಿಲ್ಲ.

ಲೋ ಇನ್‌ಪುಟ್ ಐತಾ ನೋಡ್ರಿ. ಹಳೇ ಫೆಂಡರ್, ಮಾರ್ಷಲ್ ಕಂಪನಿ ತರದ ಆಂಪ್‌ಗಳಾಗ ಎರಡು ಜ್ಯಾಕ್ ಇದ್ರ ಎರಡನೇದು ಸಾಮಾನ್ಯವಾಗಿ ಸುಮಾರು 6 ಡಿಬಿ (ಡೆಸಿಬಲ್, ಏರಿಕಿ ಇಳಿಕಿ ಅಳತಿ) ಕಮ್ಮಿ, ಒಳಗ ಎರಡು 68 ಕಿಲೋ ಓಮ್ ರೆಸಿಸ್ಟರ್ ಸೇರಿ ಸಿಗ್ನಲ್ ಅರ್ಧ ಮಾಡ್ತಾವ. ಪೀವಿ 6505 ಅಂಥಾ ಪಕ್ಕಾ ಮೆಟಲ್ ಹೆಡ್‌ನ್ಯಾಗೂ ಲೋ ಇನ್‌ಪುಟ್ ಐತಿ. ಎಷ್ಟೋ ಮಂದಿ ಆ ಜ್ಯಾಕಿಗೆ ಒಮ್ಮೆನೂ ಕೇಬಲ್ ಚುಚ್ಚಿರೋದಿಲ್ಲ.

ಈಗ ಪೆಡಲ್. ಆಂಪ್ ಮುಂದ ಒಂದು ಇಕ್ಯೂ ಪೆಡಲ್ (ಬೇಸ್, ಟ್ರೆಬಲ್ ಬಿಡಿಬಿಡಿಯಾಗಿ ಏರಿಸಿ ಇಳಿಸೋದು) ಇಟ್ಟು ಅದರ ಲೆವೆಲ್ ಕೆಳಗ ಇಳಿಸಿದ್ರ ಗಿಟಾರ್ ವಾಲ್ಯೂಮ್ ಇಳಿಸಿದಂಗ ಆಗ್ತೈತಿ, ಆದ್ರ ಟ್ರೆಬಲ್ ಹೋಗೋದಿಲ್ಲ, ಕಾಲಿಂದ ಒತ್ತಿದ್ರ ಆನ್ ಆಫ್. ಬಾಸ್ ಕಂಪನಿಯ ಜಿಇ-7 ಪೆಡಲ್ ತಗೊಂಡ್ರ ಲೆವೆಲ್ 15 ಡಿಬಿ ತನಕ ಇಳಿತೈತಿ, ಅಷ್ಟು ಸಾಕಷ್ಟಾತು. ನಾನು ಮ್ಯಾಲೆ ಹೇಳಿದ ಬುರುಬುರು ತೊಂದ್ರೆ ಇರೋರಿಗೆ ಇದೇ ಸರಿಯಾದ ದಾರಿ: ಲೆವೆಲ್ ಹಂಗೇ ಬಿಟ್ಟು 100 ಮತ್ತ 200 ಹರ್ಟ್ಜ್ ಎರಡು ಸ್ಲೈಡರ್ ಕೆಳಗ ಎಳದು ನೋಡ್ರಿ, ಅದೇ ಗೇನ್‌ನ್ಯಾಗ ತಂತಿ ಬಿಡಿಬಿಡಿ ಕೇಳ್ತಾವ. ಟ್ಯೂಬ್ ಸ್ಕ್ರೀಮರ್ ತರದ ಪೆಡಲ್‌ನ ಡ್ರೈವ್ ಸೊನ್ನೆಗೆ ಇಟ್ಟು ಮೆಟಲ್ ನುಡಿಸೋರು ಆಂಪ್ ಮುಂದ ಇಡೋದು ಯಾಕ ಅಂದ್ರ ಇದಕ್ಕೇ, ಅದು ಸುಮಾರು 720 ಹರ್ಟ್ಜ್ ಕೆಳಗಿನ ಬೇಸ್ ಕಮ್ಮಿ ಮಾಡಿ ಒಳಗ ಕಳಿಸ್ತೈತಿ. ಗೇನ್ ಜಾಸ್ತಿ ಅಂತ ಅಳೋರಿಗೆ ಓವರ್‌ಡ್ರೈವ್ ಪೆಡಲ್ ಹಚ್ಚು ಅಂದ್ರ ಉಲ್ಟಾ ಅನಸ್ತೈತಿ, ಆದ್ರ ಬೇಸ್ ತೊಂದ್ರೆ ಇರೋರಿಗೆ ಅದು ಕೆಲಸ ಮಾಡ್ತೈತಿ. ಸುಸ್ಸಿನ ವಿಚಾರದಾಗ ಪೆಡಲ್‌ಗೂ ಗಿಟಾರ್ ನಾಬ್‌ಗೂ ಫರಕ್ ಇಲ್ಲ, ಎರಡೂ ಆಂಪ್ ಮುಂದೇ ಕಡಿತಾವ. ರೊಕ್ಕ ಕಂಪನಿ ಪೆಡಲ್ ಅಂದ್ರ ಹಲವು ಸಾವಿರ, ಸಸ್ತಾದ್ದೂ ಸಿಗ್ತಾವ. ನಾಳೆ ಆಂಪ್ ಮಾರಿದ್ರೂ ಪೆಡಲ್ ನಿಮ್ಮ ಹತ್ರನ ಉಳಿತೈತಿ, ಇದನ್ನೂ ಲೆಕ್ಕದಾಗ ಹಿಡಿರಿ.

ಅದೇ ಪೆಡಲ್ ಎಫೆಕ್ಟ್ಸ್ ಲೂಪ್‌ನ್ಯಾಗ (ಪ್ರೀಆಂಪ್ ದಾಟಿದ ಮ್ಯಾಲಿನ ಜ್ಯಾಕ್‌ಗಳಾಗ) ಹಚ್ಚಿದ್ರ ಗೇನ್ ಒಂದು ಚೂರೂ ಇಳಿಯೋದಿಲ್ಲ, ಸಪ್ಪಳ ಇಳಿತೈತಿ. ಸಪ್ಪಳದ ತೊಂದ್ರೆ ಇರೋರಿಗೆ ಅದೇ ಬೇಕು. ಆಂಪ್‌ಗೂ ಸ್ಪೀಕರ್‌ಗೂ ನಡುವ ಹಚ್ಚೋ ಅಟೆನ್ಯುಏಟರ್‌ದೂ ಇದೇ ಕತಿ, ರೊಕ್ಕ ಮಾತ್ರ ಬಾಳ ಜಾಸ್ತಿ. ನೂರು ವ್ಯಾಟ್ ಮಾರಿ ಐವತ್ತು ವ್ಯಾಟ್ ತಗೊಂಡ್ರ ಸಪ್ಪಳ ಅರ್ಧ ಆಗ್ತೈತಿ ಅಂತ ನಂಬಿದೋರು ಅದಾರ, ಫರಕ್ ಬರೀ 3 ಡಿಬಿ, ಪಕ್ಕದ ಮನಿಯವರಿಗೆ ಅದು ಗೊತ್ತೂ ಆಗೋದಿಲ್ಲ.

ಈಗ ಎಲ್ಲರೂ ಕೇಳೋ ಟ್ಯೂಬ್ ವಿಚಾರ. ಪ್ರೀಆಂಪ್‌ನ್ಯಾಗ ಇರೋದು ಸಾಮಾನ್ಯವಾಗಿ 12ಎಎಕ್ಸ್7, ಯುರೋಪ್ ಕಡಿ ಹೆಸರು ಇಸಿಸಿ83. ಅದರ ಆಂಪ್ಲಿಫಿಕೇಶನ್ ಫ್ಯಾಕ್ಟರ್, ಅಂದ್ರ ಹೆಚ್ಚಂದ್ರ ಎಷ್ಟು ಪಟ್ಟು ದೊಡ್ಡದು ಮಾಡಬಹುದು ಅನ್ನೋ ಲೆಕ್ಕ, 100. ಅದೇ ಒಂಬತ್ತು ಪಿನ್ನಿನ ತಳ ಇರೋ, ಅದೇ ಸಾಕೆಟ್ಟಿಗೆ ಕೂಡೋ ಬ್ಯಾರೆ ಟ್ಯೂಬ್ ಅದಾವ: 5751 ಕ್ಕ 70, 12ಎಟಿ7 ಕ್ಕ 60, 12ಎವೈ7 ಕ್ಕ ಸುಮಾರು 44, 12ಎಯು7 ಕ್ಕ 20ರ ಒಳಗ. ಕಾಗದದ ಲೆಕ್ಕದಾಗ 5751 ಹಾಕಿದ್ರ 3 ಡಿಬಿ, 12ಎಟಿ7 ಹಾಕಿದ್ರ ನಾಕೂವರಿ, 12ಎವೈ7 ಹಾಕಿದ್ರ 7 ಡಿಬಿ ಇಳಿಕಿ. ಇಲ್ಲೊಂದು ಮಾತು ನೆನಪಿಡ್ರಿ, ಒಂದೇ ಗಾಜಿನೊಳಗ ಎರಡು ಟ್ರಯೋಡ್, ಅಂದ್ರ ಎರಡು ಬಿಡಿ ಟ್ಯೂಬ್ ಇದ್ದಂಗ, ಇರ್ತಾವ. ಮಾರ್ಷಲ್ 2203 ತರದ ಆಂಪ್‌ನ್ಯಾಗ ಮೊದಲನೇ ಟ್ಯೂಬಿನ ಎರಡೂ ಅರ್ಧ ಒಂದರ ಹಿಂದ ಒಂದು ಕೆಲಸ ಮಾಡ್ತಾವ, ಹಂಗಾಗಿ ಒಂದು ಟ್ಯೂಬ್ ಬದಲ್ಸಿದ್ರ ಇಳಿಕಿ ಎರಡು ಸಲ ಬೀಳ್ತೈತಿ.

ಇದೇನು ಹೊಸ ಉಪಾಯ ಅಲ್ಲ. ಫೆಂಡರ್‌ನ 5ಎಫ್6-ಎ ಬಾಸ್‌ಮನ್‌ನ್ಯಾಗ ಮೊದಲನೇ ಟ್ಯೂಬ್ 12ಎವೈ7 ನ ಇತ್ತು. 1960ರ ದಶಕದ ಶುರುವಿನ್ಯಾಗ ಲಂಡನ್‌ನ್ಯಾಗ ಜಿಮ್ ಮಾರ್ಷಲ್ ಅಂಗಡಿಯವರು ಅದೇ ಸರ್ಕ್ಯೂಟ್ ನೋಡ್ಕೊಂಡು ಜೆಟಿಎಂ45 ಕಟ್ಟಿದಾಗ ಆ ಜಾಗಕ್ಕ ಇಸಿಸಿ83 ಹಾಕಿದ್ರು, ಆಂಪ್‌ನ ಸದ್ದು ಬೇಗ ಒಡಕಾಗಾಕ ಅದೂ ಒಂದು ಕಾರಣ. ನೀವು ಮಾಡ್ತಿರೋದು ಅದರ ಉಲ್ಟಾ.

ಒಂದೊಂದರ ಗುಣ ನನ್ನ ಕಿವಿಗೆ ಕೇಳಿಸಿದಂಗ ಹೇಳ್ತೀನಿ. 5751 ಹಾಕಿದ್ರ ಆಂಪ್‌ನ ಸ್ವಭಾವ ಬದಲಾಗೋದಿಲ್ಲ, ಸ್ವಲ್ಪ ಮೆತ್ತಗ ಆಗ್ತೈತಿ, ನಾಬ್ ತಿರುವಾಕ ಜಾಗ ಸಿಗ್ತೈತಿ. 12ಎಟಿ7 ಸುಲಭವಾಗಿ ಸಿಗ್ತೈತಿ, ಆದ್ರ ಅದು ಜಾಸ್ತಿ ಕರೆಂಟ್ ಎಳಿಯೋ ಟ್ಯೂಬ್, 12ಎಎಕ್ಸ್7 ಗೆ ಅಂತ ಕೂಡಿಸಿದ ರೆಸಿಸ್ಟರ್‌ಗಳ ನಡುವ ಕೂತಾಗ ನನಗ ತುಸು ಒರಟು ಅನಸ್ತೈತಿ. 12ಎವೈ7 ಎಲ್ಲದರಕಿಂತ ಮಧುರ, ಬ್ಲೂಸ್ ಕ್ರಂಚ್ ಬೇಕು ಅನ್ನೋರಿಗೆ ಕಣ್ಣು ಮುಚ್ಚಿ ಹೇಳ್ತೀನಿ, ಆದ್ರ ರೊಕ್ಕ ಜಾಸ್ತಿ, ಸಿಗೋದೂ ಕಷ್ಟ. 12ಎಯು7 ಮೊದಲನೇ ಜಾಗಕ್ಕ ಬ್ಯಾಡ. ನಾನು ಸಸ್ತಾ ಸಿಕ್ತು ಅಂತ ಅದನ್ನ ಹಾಕ್ಕೊಂಡು ಗಣೇಶನ ಕಾರ್ಯಕ್ರಮಕ್ಕ ಹೋಗಿದ್ದೆ, ಮನಿಯಾಗ ಚಂದ ಕೇಳಿದ್ದು ಅಲ್ಲಿ ಡ್ರಮ್ಸ್ ಶುರು ಆದ ಕೂಡ್ಲೇ ಕಾಣೆಯಾತು, ಕ್ಲೀನ್ ಚಾನೆಲ್ ಅಂತೂ ಜೀವನೇ ಇಲ್ಲ, ಬದಲ್ಸಾಕ ಹಳೇ ಟ್ಯೂಬ್ ಮನಿಯಾಗ ಬಿಟ್ಟು ಬಂದಿದ್ದೆ, ರಾತ್ರಿ ಪೂರ್ತಿ ಹಂಗೇ ತಳ್ಳಿದ್ವಿ. ಅವತ್ತು ಜೊತಿಗಿದ್ದ ಹಾಡೋರಿಗೆ ನನ್ನಿಂದ ತೊಂದ್ರೆ ಆತು ಅನ್ನೋದು ಇವತ್ತಿಗೂ ಮನಸ್ಸಿಗೆ ಹತ್ತೈತಿ.

ಯಾವ ಟ್ಯೂಬ್ ಬದಲ್ಸಬೇಕು ಅನ್ನೋದು ಯಾವ ಮಾದರಿ ಹಾಕಬೇಕು ಅನ್ನೋದಕ್ಕಿಂತ ಮುಖ್ಯ. ಎರಡು ಚಾನೆಲ್ ಇರೋ ಎಷ್ಟೋ ಆಂಪ್‌ನ್ಯಾಗ ಗಿಟಾರ್ ಜ್ಯಾಕ್ ಹತ್ರದ ಮೊದಲನೇ ಟ್ಯೂಬ್ ಎರಡೂ ಚಾನೆಲ್‌ಗೆ ಸೇರಿರ್ತೈತಿ, ಅದನ್ನ ಇಳಿಸಿದ್ರ ಕ್ಲೀನೂ ಇಳಿತೈತಿ. ಕ್ಲೀನ್ ಹಂಗೇ ಇರ್ಲಿ, ಲೀಡ್ (ಗೇನ್ ಜಾಸ್ತಿ ಇರೋ ಚಾನೆಲ್) ಒಂದೇ ಇಳೀಲಿ ಅಂದ್ರ ಲೀಡ್‌ಗೆ ಮಾತ್ರ ಇರೋ ಎರಡನೇ ಅಥವಾ ಮೂರನೇ ಟ್ಯೂಬ್ ಬದಲ್ಸ್ರಿ, ನಿಮ್ಮ ಆಂಪ್‌ನ ಮ್ಯಾನುಯಲ್‌ನ್ಯಾಗ ಯಾವುದು ಯಾವ ಕೆಲಸಕ್ಕ ಅಂತ ಚಿತ್ರ ಹಾಕಿರ್ತಾರ. ಇದರಾಗ ಇನ್ನೊಂದು ಲಾಭ ಐತಿ: ಎರಡನೇ ಟ್ಯೂಬ್ ಇಳಿಸಿದಾಗ ಮೊದಲನೇದರ ಸುಸ್ಸೂ ಅದರ ಜೊತಿನ ಇಳಿತೈತಿ. ಗಿಟಾರ್ ನಾಬ್ ಮಾಡಾಕ ಆಗದ ಕೆಲಸ ಇದು, ಚರ್ಚ್‌ನಂಥಾ ನಿಶ್ಶಬ್ದ ಜಾಗದಾಗ ನುಡಿಸೋರಿಗೆ ನಾನು ಟ್ಯೂಬ್ ದಾರಿ ಹೇಳೋದು ಇದಕ್ಕನ. ಪವರ್ ಟ್ಯೂಬಿನ ಪಕ್ಕದ ಕಡೀ ಸಣ್ಣ ಟ್ಯೂಬ್ ಫೇಸ್ ಇನ್‌ವರ್ಟರ್ (ಪವರ್ ಟ್ಯೂಬ್‌ಗಳಿಗೆ ಸಿಗ್ನಲ್ ಎರಡಾಗಿ ಹಂಚೋದು), ಅಲ್ಲಿ 12ಎಟಿ7 ಹಾಕಿದ್ರ ಮಾಸ್ಟರ್ ನಾಬ್ ಸ್ವಲ್ಪ ಸಾವಕಾಶ ಏರ್ತೈತಿ ಅಷ್ಟೇ, ಪ್ರೀಆಂಪ್ ಗೇನ್ ಇಳಿಯೋದಿಲ್ಲ.

ಬದಲ್ಸೋ ರೀತಿ: ಆಂಪ್ ಆಫ್ ಮಾಡಿ, ಪ್ಲಗ್ ಗೋಡಿಯಿಂದ ಕಿತ್ತು, ಆರೋ ತನಕ ಕಾಯ್ರಿ. ನಮ್ಮ ಬ್ಯಾಸಿಗ್ಯಾಗ ಅರ್ಧ ತಾಸಾದ್ರೂ ಬೇಕು, ಅವಸರ ಮಾಡಿದ್ರ ಬೆರಳು ಸುಡ್ತೈತಿ. ಟ್ಯೂಬಿಗೆ ತಗಡಿನ ಟೊಪ್ಪಿಗಿ ಇದ್ರ ಒತ್ತಿ ತಿರುವಿ ತೆಗಿರಿ, ಆಮ್ಯಾಲೆ ಟ್ಯೂಬನ್ನ ಸಣ್ಣಗ ಅಲುಗಾಡಿಸ್ತಾ ನೆಟ್ಟಗ ಎಳೀರಿ. ಪಿನ್‌ಗಳ ನಡುವ ಒಂದು ಕಡಿ ಜಾಗ ಅಗಲ ಐತಿ, ಸಾಕೆಟ್ಟಿನ ಅಗಲ ಜಾಗಕ್ಕ ಅದನ್ನ ಹೊಂದಿಸಿ ಒತ್ರಿ, ಪಿನ್ ಸೊಟ್ಟ ಆದ್ರ ಬಲವಂತ ಮಾಡಬ್ಯಾಡ್ರಿ. ಪ್ರೀಆಂಪ್ ಟ್ಯೂಬಿಗೆ ಬಯಾಸ್ (ಟ್ಯೂಬಿನ ಕರೆಂಟ್) ಹೊಂದಿಸೋದು ಬೇಕಾಗಿಲ್ಲ. ಮತ್ತ ಆನ್ ಮಾಡೋಕಿಂತ ಮದ್ಲ ಸ್ಪೀಕರ್ ಕೇಬಲ್ ಹಚ್ಚೈತಾ ನೋಡ್ರಿ, ಸ್ಪೀಕರ್ ಇಲ್ಲದ ಟ್ಯೂಬ್ ಆಂಪ್ ಓಡಿಸಿದ್ರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ಬಳ್ಳಾರಿ, ಕೊಪ್ಪಳದ ಅಂಗಡಿಗಳಾಗ ಈ ಟ್ಯೂಬ್ ನನಗಂತೂ ಸಿಕ್ಕಿಲ್ಲ, ಕೊರಿಯರ್‌ನ್ಯಾಗ ತರಿಸಿಕೊಳ್ತೀನಿ, ಒಂದಕ್ಕ ಸಾವಿರದ ಮ್ಯಾಲೆ ಹಿಡಿರಿ. ಎರಡು ಬ್ಯಾರೆ ಮಾದರಿ ಒಟ್ಟಿಗೆ ತರಿಸಿದ್ರ ಸಾಗಾಣಿಕಿ ಖರ್ಚೂ ಉಳಿತೈತಿ, ಹೋಲಿಸಿ ನೋಡಾಕೂ ಆಗ್ತೈತಿ.

ಕಡೀ ದಾರಿ ಆಂಪ್ ಬಿಚ್ಚಿ ಸರ್ಕ್ಯೂಟ್ ಬದಲ್ಸೋದು. ಒಂದು ಸ್ಟೇಜಿನ ಕ್ಯಾಥೋಡ್ ಬೈಪಾಸ್ ಕೆಪಾಸಿಟರ್ ತೆಗದ್ರ ಆ ಸ್ಟೇಜಿನ ಗೇನ್ ಅರ್ಧದ ಹತ್ರ ಬರ್ತೈತಿ, ಅಂದ್ರ 5-6 ಡಿಬಿ. ಸ್ಟೇಜ್‌ಗಳ ನಡುವ ಎರಡು 470 ಕಿಲೋ ಓಮ್ ರೆಸಿಸ್ಟರ್ ಸಿಗ್ನಲ್ ಅರ್ಧ ಮಾಡ್ತಿದ್ರ, ಗ್ರೌಂಡಿಗೆ ಹೋಗೋದನ್ನ 220 ಕ್ಕ ಇಳಿಸಿದ್ರ ಮೂರನೇ ಒಂದು ಭಾಗ ಆಗ್ತೈತಿ. ಬಿಡಿ ಭಾಗದ ಖರ್ಚು ಹತ್ತಿಪ್ಪತ್ತು ರೂಪಾಯಿ, ಟೋನಿನ ಲೆಕ್ಕದಾಗ ಎಲ್ಲದರಕಿಂತ ಶುದ್ಧ ದಾರಿ ಇದೇ, ಎಲ್ಲಿ ಎಷ್ಟು ಬೇಕೋ ಅಲ್ಲಿ ಅಷ್ಟೇ ಕಡಿಬಹುದು.

ಆದ್ರೂ ನಾನು ನಿಮಗ ಇದನ್ನ ಸ್ವಂತ ಕೈಯಿಂದ ಮಾಡಬ್ಯಾಡ್ರಿ ಅಂತ ಕೈ ಮುಗಿದು ಹೇಳ್ತೀನಿ. ಒಳಗ 400-500 ವೋಲ್ಟ್ ಡಿಸಿ ಇರ್ತೈತಿ, ಪ್ಲಗ್ ಕಿತ್ತ ಮ್ಯಾಲೂ ಫಿಲ್ಟರ್ ಕೆಪಾಸಿಟರ್‌ಗಳಾಗ ಅದು ಕೂತಿರಬಹುದು, ಒಂದು ಕೈ ಚಾಸಿಗೆ (ಒಳಗಿನ ತಗಡಿನ ಪೆಟ್ಟಿಗಿಗೆ) ತಾಗಿ ಇನ್ನೊಂದು ಕೈ ಅದಕ್ಕ ತಾಗಿದ್ರ ಎದಿ ನಡುವ ಹಾದು ಹೋಗ್ತೈತಿ. ಟೀವಿ, ಮಿಕ್ಸರ್ ರಿಪೇರಿ ಬರ್ತೈತಿ ಅನ್ನೋ ಧೈರ್ಯ ಇಲ್ಲಿ ಸಾಲೋದಿಲ್ಲ. ನಮ್ಮ ಊರುಗಳಾಗ ವಾಲ್ವ್ ರೇಡಿಯೋ ಕಾಲದಾಗ ಕೆಲಸ ಮಾಡಿದ ಹಿರಿಯರು ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಅದಾರ, ಕೆಪಾಸಿಟರ್ ಖಾಲಿ ಮಾಡಿ ಮೀಟರ್ ಹಿಡಿದು ನೋಡಿ ಆಮ್ಯಾಲೆನೇ ಕೈ ಹಾಕೋ ಅಂಥವರು ಸಿಕ್ರ ಆಂಪ್ ಜೊತಿ ಸರ್ಕ್ಯೂಟ್ ಚಿತ್ರನೂ ಒಯ್ದು ಕೊಡ್ರಿ. ಇಲ್ಲಾಂದ್ರ ಬೆಂಗಳೂರು, ಅಂದ್ರ ಇಪ್ಪತ್ತು ಕಿಲೋ ಹೆಡ್ ಹಂಪಿ ಎಕ್ಸ್‌ಪ್ರೆಸ್‌ನ್ಯಾಗ ಹೊತ್ತು ಹೋಗಬೇಕು, ಬರಬೇಕು. ವಾರಂಟಿ ಇರೋ ಆಂಪ್ ಅಂತೂ ಬಿಚ್ಚಲೇಬ್ಯಾಡ್ರಿ.

ನಾಯ್ಸ್ ಗೇಟ್ ಬಗ್ಗೆನೂ ಕೇಳ್ತಾರ. ಅದು ನುಡಿಸೋದು ನಿಲ್ಲಿಸಿದಾಗ ಸುಸ್ಸು ಮುಚ್ತೈತಿ, ನುಡಿಸುವಾಗ ಮುದ್ದೆ ಹಂಗೇ ಇರ್ತೈತಿ. ಇನ್ನ ಆಂಪ್ ಕೀಂ ಅಂತ ಕೂಗ್ತಿದ್ರ ಪೆನ್ಸಿಲ್‌ನ ಹಿಂಭಾಗದಿಂದ ಒಂದೊಂದು ಟ್ಯೂಬನ್ನೂ ಮೆಲ್ಲಕ ತಟ್ಟಿ ನೋಡ್ರಿ, ಟಣ್ ಅಂತ ಸ್ಪೀಕರ್‌ನ್ಯಾಗ ಜೋರಾಗಿ ಕೇಳೋದು ಕೆಟ್ಟಿರೋದು, ಅದೊಂದನ್ನ ಬದಲ್ಸಿದ್ರ ಎಷ್ಟೋ ಸಲ ಗೇನ್ ತೊಂದ್ರೆ ಅಂದ್ಕೊಂಡಿದ್ದು ಹೋಗ್ತೈತಿ.

ಆ ಮೂವರಿಗೆ ನಾನು ಹೇಳಿದ್ದು ಇದು. ತೋರಣಗಲ್ ಗೆಳೆಯನಿಗೆ ಗೇನ್ ತೊಂದ್ರೆನೇ ಇಲ್ಲ, ಅವನ ಹತ್ರ ಇದ್ದ ಇಕ್ಯೂ ಪೆಡಲ್ಲನ್ನ ಲೂಪಿಗೆ ಹಾಕ್ಸಿದೆ, ಒಂದು ರೂಪಾಯಿ ಖರ್ಚಾಗ್ಲಿಲ್ಲ. ರಾಯಚೂರಿನ ಅಕ್ಕನವರದು ಒಂದೇ ಚಾನೆಲ್ಲಿನ ಆಂಪ್, ಹಾಡಿನ ನಡುವ ಗೇನ್ ಬದಲ್ಸೋ ಗೊಡವಿ ಅವರಿಗಿಲ್ಲ, ಸುಸ್ಸು ಇರಬಾರದು ಅಷ್ಟೇ, ಅದಕ್ಕ ಎರಡನೇ ಟ್ಯೂಬಿಗೆ 12ಎಟಿ7 ಅಂತ ಹೇಳೀನಿ, ಒರಟು ಅನಸಿದ್ರ 5751 ಕ್ಕ ಬರ್ಲಿ. ಗಂಗಾವತಿ ತಮ್ಮ ಒಂದು ತಿಂಗಳು ಬರೀ ಗಿಟಾರ್ ನಾಬ್ ತಿರುವಿ ನುಡಿಸ್ಲಿ ಅಂದೆ, ಟ್ರೆಬಲ್ ಬ್ಲೀಡ್ ಹಚ್ಚಿಸಿಕೊಂಡಾನ. ಹೋದ ವಾರ ಮತ್ತ ಫೋನ್ ಮಾಡಿ 5751 ಒಂದು ತರಿಸ್ತೀನಿ ಅಂದ, ನಾಬ್ ನಾಕಕ್ಕ ಇಡೋ ಬದ್ಲು ಏಳಕ್ಕ ಇಟ್ಟು ನುಡಿಸ್ಬೇಕು ಅನ್ನೋದು ಅವನ ಆಸೆ, ಅದು ಸರಿಯಾದ ಕಾರಣನೇ. ತೆಗದ ಹಳೇ ಟ್ಯೂಬಿಗೆ ಯಾವ ಸಾಕೆಟ್ಟಿಂದು ಅಂತ ಚೀಟಿ ಸುತ್ತಿ, ಗಿಟಾರ್ ಬ್ಯಾಗಿನ ಮುಂದಿನ ಜೇಬಿನ್ಯಾಗ ಬಟ್ಟಿಯಾಗ ಸುತ್ತಿ ಇಟ್ಕೋ, ಮನಿಯಾಗ ಬಿಟ್ಟು ಹೋಗಬ್ಯಾಡ ಅಂತ ಎರಡು ಸಲ ಹೇಳೀನಿ.